ಬರಿಗಾಲಿನ ಅಳತೆ

ಆಗಸ್ಟ್ ೪, ಸೋಮವಾರ

ಪ್ರೀತಿಯ ಸೂಜಿ,

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಬೀದಿಯ ನರ್ಸಮ್ಮ, ಮೊನ್ನೆ ಶನಿವಾರ ಸಂಜೆ, ನನ್ನ ಬಡಗಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು. ಕೇಳಿದವರು ಮೂವರು: ನಾನು, ಬೀಗ ರಿಪೇರಿಯವನು, ಅವನ ಹೆಂಡತಿ. ಫೋನಿನಲ್ಲೇ ನಿನಗೆ ಹೇಳೋಣವೆಂದರೆ ನನ್ನ ಕಿವಿಗೆ ನೀನು ನಗುವುದೂ ಅಳುವುದೂ ಒಂದೇ ಥರ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಹಿಂದಿನ ಬೀದಿಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಮಂಡಿ ಎರಡೂ ಮಾತು ಕೇಳುವುದಿಲ್ಲ. ಮಕ್ಕಳು ಸೇರಿ ನಾಲ್ಕು ಚಕ್ರದ ವಾಕರ್ ಕೊಡಿಸಿದರು. ಅದಕ್ಕೆ ಬ್ರೇಕು, ಕೂರಲು ಸೀಟು, ತರಕಾರಿಗೆ ಬುಟ್ಟಿ, ಕೊಡೆ ಸಿಕ್ಕಿಸಲು ಒಂದು ಕೊಳವೆ. ಮೇಷ್ಟ್ರು ಆನೆ ಮೇಲೆ ಕೂತವರ ಗತ್ತಿನಲ್ಲಿ ಬೀದಿ ಸುತ್ತಿ ಬಂದರು. ಮನೆಗೆ ಬಂದು ಬಚ್ಚಲಿಗೆ ಹೋಗಬೇಕು, ಬಾಗಿಲು ಇಪ್ಪತ್ತೆರಡು ಇಂಚು, ವಾಕರ್ ಇಪ್ಪತ್ತೈದು. ಹಾಗಾಗಿ ದಿನಾ ವಾಕರನ್ನು ಹೊರಗೆ ಕುದುರೆ ಕಟ್ಟಿದಂತೆ ನಿಲ್ಲಿಸಿ, ಒಳಗಿನ ಒದ್ದೆ ನೆಲದ ಮೇಲೆ ಮಾತ್ರ ಗೋಡೆ ತಡವುತ್ತ ನಡೆಯುವುದು. ಒಂದು ದಿನ ಜಾರಿದರು. ಕೈಗೆ ಸಿಕ್ಕಿದ್ದು ಟವೆಲ್ ಹಾಕುವ ಕಂಬಿ. ಕಂಬಿ, ಗಾರೆ, ಟವೆಲ್, ಮೇಷ್ಟ್ರು, ಎಲ್ಲ ಒಟ್ಟಿಗೆ ಕೆಳಗೆ. ಪುಣ್ಯಕ್ಕೆ ಬಿದ್ದದ್ದು ಒಗೆಯಲು ಇಟ್ಟಿದ್ದ ಬಟ್ಟೆಯ ರಾಶಿಯ ಮೇಲೆ.

"ಊರು ಸುತ್ತೋಕೆ ಗಾಡಿ, ಬೀಳೋ ಜಾಗಕ್ಕೆ ಬರಿಗೈ" ಎಂದರು ನರ್ಸಮ್ಮ.

ಮಾರನೆಯ ಬೆಳಗ್ಗೆ ಏನಾಯಿತು ಗೊತ್ತೇ? ಕೇಳಿದ ಮೂವರೂ ಟೇಪು ಹಿಡಿದು ನಮ್ಮ ನಮ್ಮ ಬಚ್ಚಲ ಬಾಗಿಲು ಅಳೆದಿದ್ದೆವು.

ಈಗ ದೊಡ್ಡ ಸುದ್ದಿ. ನಲವತ್ತೈದು ವರ್ಷ ಬಾಗಿಲು, ಮೇಜು, ಮಂಚ ಮಾಡಿದ ಈ ಕೈ ಹೊಸ ಕಸುಬು ಹಿಡಿದಿದೆ. ವಯಸ್ಸಾದವರ ಮನೆಗೆ ನರ್ಸಮ್ಮನೂ ನಾನೂ ಹೋಗುತ್ತೇವೆ. ಅವರು ಮನುಷ್ಯನನ್ನು ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ. ಮೆಟ್ಟಿಲಿಗೆ ಹಿಡಿದು ಹತ್ತಲು ಕೈಪಿಡಿ, ಬಚ್ಚಲಿಗೆ ಹಿಡಿಕಂಬಿ, ಅಳತೆಗೆ ತಕ್ಕ ಊರುಗೋಲು. ಅಂಗಡಿ ಮುಂದೆ ಬೋರ್ಡು ಬರೆಸಿದ್ದೇನೆ: ಮೊದಲು ಮನೆ, ಆಮೇಲೆ ಮನುಷ್ಯ, ಆಮೇಲೆ ಸಾಮಾನು. ಎಪ್ಪತ್ತಾರಕ್ಕೆ ಇಷ್ಟು ಹುರುಪು ಬರುತ್ತದೆಂದು ನಾನೇ ಅಂದುಕೊಂಡಿರಲಿಲ್ಲ. ಈ ಯೋಚನೆ ಹೇಗೆ ಬಂತು ಅಂತ ಕೇಳಬೇಡ, ಬಂತು ಅಷ್ಟೇ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಎರಡು ಶರ್ಟು ಹೊಲಿದು ಕಳಿಸು. ಮಾದರಿಗೆ ಹಳೆಯದೊಂದನ್ನು ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಅಣ್ಣ


ಆಗಸ್ಟ್ ೧೧, ಸೋಮವಾರ

ಪ್ರೀತಿಯ ಅಣ್ಣನಿಗೆ,

ಮೇಷ್ಟ್ರ ಕಥೆಯನ್ನು ಸೊಸೆಗೆ ಓದಿ ಹೇಳಿದೆ. ಬಸ್ಸು ಓಡಿಸಿ, ಟಿಕೆಟ್ಟೂ ತಾನೇ ಕೊಟ್ಟು ಆಗಷ್ಟೇ ಬಂದಿದ್ದಳು, ತಲೆಯ ಟೋಪಿ ಕೂಡ ತೆಗೆಯದೆ ನಕ್ಕಳು. ಮಗ ಹಡಗಿನ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಯಿತು, ಮನೆಯಲ್ಲಿ ನಾವಿಬ್ಬರೇ. ನಗಲು ಒಂದು ನೆಪ ಬೇಕಿತ್ತು.

ನಿನ್ನ ಸುದ್ದಿ ದೊಡ್ಡದಾದರೆ ನನ್ನದು ಅದಕ್ಕಿಂತ ಹದಿನೆಂಟು ಅಡಿ ಎತ್ತರದ್ದು. ನಮ್ಮೂರಿನ ನಾಟಕಮಂದಿರದ ರಿಪೇರಿ ಮುಗಿಯುತ್ತಾ ಬಂತು. ಹೊಸ ಮುಂಪರದೆ ಹೊಲಿಯುವವಳು ನಾನು. ಕಡುಗೆಂಪು ಮಖಮಲ್, ಹದಿನಾರು ಪಟ್ಟಿ, ಒಂದೊಂದೂ ಹದಿನೆಂಟು ಅಡಿ ಉದ್ದ. ಐವತ್ತು ವರ್ಷ ಜನರ ತೋಳು, ಕಾಲರು ಹೊಲಿದವಳಿಗೆ ಒಂದು ಇಡೀ ಗೋಡೆಗೆ ಅಂಗಿ ಹೊಲಿಯುವ ಕೆಲಸ. ಅಕ್ಟೋಬರ್ ಐದನೇ ತಾರೀಕು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಮೊದಲ ಪ್ರದರ್ಶನ. ಮ್ಯಾನೇಜರ್ ಏನೆಂದರು ಕೇಳು: "ಅಮ್ಮಾ, ಪರದೆ ಹೊಲಿದವರು ರಂಗದ ನಡುವಿಗೆ ಬಂದು ಕೈ ಎತ್ತಬೇಕು. ಆಮೇಲೇ ಪರದೆ ಸರಿಯೋದು." ಪಕ್ಕದಿಂದ ನಡುವಿಗೆ ಹದಿಮೂರು ಹೆಜ್ಜೆ. ಹೋಗಿ ಎಣಿಸಿ ಬಂದಿದ್ದೇನೆ. ಆ ಹದಿಮೂರು ಹೆಜ್ಜೆಯಲ್ಲಿ ಹಿಡಿದುಕೊಳ್ಳಲು ಗೋಡೆಯೂ ಇಲ್ಲ, ಕುರ್ಚಿಯೂ ಇಲ್ಲ. ಸುಮ್ಮನೆ ಹೇಳಿದೆ.

ಹೊಲಿಗೆ ಮೇಲಿನ ಕೋಣೆಯಲ್ಲೇ ಆಗಬೇಕು. ನೀನು ಮಾಡಿಕೊಟ್ಟ ಹತ್ತಡಿ ಮೇಜು ಅಲ್ಲಿದೆಯಲ್ಲ, ಅದನ್ನು ಕೆಳಗಿಳಿಸಬೇಕಾದರೆ ಗರಗಸವೇ ಬೇಕು. ಹದಿನಾಲ್ಕು ಮೆಟ್ಟಿಲು. ಸೊಸೆ ಒಂದು ಮಾತು ಹೇಳಿಬಿಟ್ಟಿದ್ದಾಳೆ: "ಅತ್ತೆ, ಮೆಟ್ಟಿಲ ಮೇಲೆ ಒಂದು ಸಲ ಎಡವಿದ್ರೂ ಮೇಲಿನ ಕೋಣೆಗೆ ಬೀಗ. ಪರದೆ ಬೇರೆ ಯಾರಾದ್ರೂ ಹೊಲೀತಾರೆ." ನಾನೆಲ್ಲಿ ಎಡವುತ್ತೇನೆ, ಹೇಳು.

ಆದರೆ ನಮ್ಮ ಪಕ್ಕದ ಮನೆಯ ಅಜ್ಜಿ ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿ ಕೂತಳಂತೆ. ಎಂಬತ್ತೊಂದು ವರ್ಷ, ಬೆಳಗ್ಗೆ ಆರಕ್ಕೇ ಗೇಟಿನ ಮುಂದೆ ಗುಡಿಸುವ ಗಟ್ಟಿಗಿತ್ತಿ. ಮನೆಯವರಿಗೆ ಹೇಳಿಲ್ಲ. ಪಾಪ, ಅವಳಿಗೆ ಏನು ಕೊಡಿಸಿದರೆ ಸರಿ? ನಿನ್ನ ವಾಕರ್‌ಗಳಲ್ಲಿ ಒಂದೇ, ಕೋಲೇ? ಬೇಗ ಬರಿ. ಅವಳಿಗೆ ಅವಸರವಿದೆ.

ನಿನ್ನ ಸೂಜಿ


ಆಗಸ್ಟ್ ೧೮, ಸೋಮವಾರ

ಪ್ರೀತಿಯ ಸೂಜಿ,

ಪರದೆಯ ಸುದ್ದಿ ಓದಿ ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದೆ. ಬೀಗ ರಿಪೇರಿಯವನು ಎರಡು ಸಲ ಕೇಳಿದ. ಎರಡನೆಯ ಸಲ ನಾನು ಇಪ್ಪತ್ತು ಅಡಿ ಎಂದೆ.

ಈಗ ಆ ಅಜ್ಜಿ. ನಾಲ್ಕು ಚಕ್ರದ ವಾಕರ್ ಬೇಡವೇ ಬೇಡ. ಅದು ಬೀದಿಗೆ, ಮೆಟ್ಟಿಲಿಗೆ ಅಲ್ಲ. ಚಕ್ರವಿಲ್ಲದ ಚೌಕಟ್ಟಿನದೂ ಮೆಟ್ಟಿಲು ಹತ್ತುವುದಿಲ್ಲ. ಮೆಟ್ಟಿಲಿಗೆ ಬೇಕಾದದ್ದು ಕೈಪಿಡಿ, ಎರಡೂ ಬದಿಗೆ, ಕೊನೆಯ ಮೆಟ್ಟಿಲು ದಾಟಿ ಇನ್ನೊಂದು ಗೇಣು ಮುಂದಕ್ಕೆ. ಜನ ಬೀಳುವುದು ಮೆಟ್ಟಿಲು ಮುಗಿಯಿತು ಅಂದುಕೊಂಡ ಜಾಗದಲ್ಲೇ. ಗೋಡೆಗೆ ಭದ್ರವಾಗಿ ಸ್ಕ್ರೂ ಕೂರಬೇಕು. ಬಚ್ಚಲಿನಲ್ಲೂ ಅಷ್ಟೇ. ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆ ಅಂಗಡಿಯಲ್ಲಿ ಸಿಗುತ್ತದೆ, ನೋಡಲು ಅಂದ. ನಾನು ಒಂದು ತಂದು ಗೋಡೆಗೆ ಒತ್ತಿ, ಅದಕ್ಕೆ ನನ್ನ ಉಪಕರಣದ ಚೀಲ ತೂಗುಹಾಕಿ ಚಹಾ ಕುಡಿಯಲು ಕೂತೆ. ಚಹಾ ಮುಗಿಯುವ ಮೊದಲೇ ಚೀಲ ನೆಲದ ಮೇಲಿತ್ತು.

ಕೋಲು ನಾನೇ ಮಾಡಿಕೊಡುತ್ತೇನೆ. ಆದರೆ ನರ್ಸಮ್ಮ ಕೇಳುವ ಪ್ರಶ್ನೆಗಳಿಗೆ ಉತ್ತರ ಬೇಕು. ಅಜ್ಜಿಗೆ ಯಾವ ಕಾಲು ನೋವು? ನೋವಿಲ್ಲದ ಬದಿಯ ಕೈಗೆ ಕೋಲು ಬರಬೇಕು, ಬಹಳ ಜನ ತಿರುಗಾಮುರುಗಾ ಹಿಡಿಯುತ್ತಾರೆ. ಹತ್ತುವಾಗ ಕೈಯಲ್ಲಿ ಏನು ಹೊತ್ತಿರುತ್ತಾಳೆ? ಮೆಟ್ಟಿಲ ದೀಪದ ಸ್ವಿಚ್ಚು ಕೆಳಗೂ ಮೇಲೂ ಇದೆಯೇ? ಕೆಳಗಿನ ಮೆಟ್ಟಿಲ ಬಳಿ ಕಾಲೊರಸು ಇದೆಯೇ? ಇದ್ದರೆ ಇವತ್ತೇ ಎತ್ತಿ ಬಿಸಾಡಲಿ.

ಅಳತೆ ಹೀಗೆ ತೆಗೆ: ನೇರ ನಿಲ್ಲಿಸು, ಕೈ ಸಡಿಲವಾಗಿ ಇಳಿಬಿಡಲು ಹೇಳು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಟೇಪು ಬಿಡು. ಅಳತೆ ತೆಗೆಯುವುದನ್ನು ನಿನಗೆ ಹೇಳಿಕೊಡುವ ಅಧಿಕಪ್ರಸಂಗ ನಾನು ಮಾಡುವುದಿಲ್ಲ.

ನಿನ್ನ ಅಣ್ಣ


ಆಗಸ್ಟ್ ೨೭, ಬುಧವಾರ

ಪ್ರೀತಿಯ ಅಣ್ಣನಿಗೆ,

ಹದಿನಾರರಲ್ಲಿ ಏಳು ಪಟ್ಟಿ ಮುಗಿದವು. ಮಖಮಲ್ ಎಂದರೆ ಬೆಕ್ಕಿನ ಹಾಗೆ, ಒಂದು ಕಡೆಗೆ ಸವರಿದರೆ ಸುಮ್ಮನಿರುತ್ತದೆ, ಇನ್ನೊಂದು ಕಡೆಗೆ ಸವರಿದರೆ ಮುಖ ಕಪ್ಪಾಗಿಸಿಕೊಳ್ಳುತ್ತದೆ. ಎಲ್ಲ ಪಟ್ಟಿಯ ಮುಖವೂ ಒಂದೇ ಕಡೆ ಇರಬೇಕು. ಕನಸಿನಲ್ಲೂ ಅದನ್ನೇ ಸವರುತ್ತಿದ್ದೇನೆ.

ಅಜ್ಜಿಯ ಉತ್ತರಗಳು. ನೋವು ಎಡ ಮಂಡಿಯಲ್ಲಿ. ಹತ್ತುವಾಗ ಎರಡೂ ಕೈಯಲ್ಲಿ ಬಟ್ಟೆ, ಒಣಗಿಸಲು. ಸ್ವಿಚ್ಚು ಕೆಳಗೆ ಮಾತ್ರ. ಕಾಲೊರಸು ಇತ್ತು, ಈಗಿಲ್ಲ. ಬಿಸಾಡಿದ್ದಕ್ಕೆ ಸೊಸೆ ಕಾರಣ ಕೇಳಿದಳು, ಬಣ್ಣ ಹಿಡಿಸಲಿಲ್ಲ ಅಂದೆ ಅಂತ ಅಜ್ಜಿ ಹೇಳಿದಳು.

ಕೈಪಿಡಿ ಮಾತ್ರ ಈಗ ಬೇಡವಂತೆ. ಗೋಡೆ ಕೊರೆದರೆ ಮನೆಯವರಿಗೆ ಗೊತ್ತಾಗುತ್ತದೆ. ಮೊದಲು ಕೋಲು ಬರಲಿ. ಯಾರೂ ಇಲ್ಲದಾಗ ಹಿಡಿದು, ಯಾರಾದರೂ ಬಂದಾಗ ಬಾಗಿಲ ಹಿಂದಿಡಬಹುದು.

ಅಳತೆ: ಬಲ ಮಣಿಕಟ್ಟಿನಿಂದ ನೆಲಕ್ಕೆ ಇಪ್ಪತ್ತೆಂಟೂವರೆ ಇಂಚು. ಎಡಗಡೆ ಇಪ್ಪತ್ತೊಂಬತ್ತು. ಎರಡು ಸಲ ತೆಗೆದಿದ್ದೇನೆ, ಸಂಶಯ ಬೇಡ.

ನೀನು ಮಾದರಿಗೆ ಕಳಿಸಿದ ಶರ್ಟನ್ನು ಮೇಜಿನ ಮೇಲೆ ಹರಡಿ ನೋಡಿದೆ. ಬಲತೋಳಿನಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಸುತ್ತಲೂ ಬಳೆ ತೊಟ್ಟ ಹಾಗೆ ಬಟ್ಟೆ ಸವೆದಿದೆ. ಇಷ್ಟು ವರ್ಷದ ನಿನ್ನ ಶರ್ಟುಗಳು ಸವೆದದ್ದು ಮೊಣಕೈಯಲ್ಲಿ, ಮುಂಗೈ ಪಟ್ಟಿಯಲ್ಲಿ. ಇದೇನು ಹೊಸದು?

ನಿನ್ನ ಸೂಜಿ


ಸೆಪ್ಟೆಂಬರ್ ೪, ಗುರುವಾರ

ಪ್ರೀತಿಯ ಸೂಜಿ,

ಕೋಲು ಈ ಕಾಗದದ ಜೊತೆಗೇ ಬರುತ್ತಿದೆ. ಹಳೆಯ ಕಿಟಕಿಯ ಚೌಕಟ್ಟಿನ ಮರ, ಅರವತ್ತು ವರ್ಷ ಬಿಸಿಲು ಕುಡಿದದ್ದು, ಇನ್ನು ಬಾಗುವುದಿಲ್ಲ. ಹಿಡಿಕೆಯನ್ನು ಕೊಕ್ಕೆಯ ಹಾಗೆ ಮಾಡಿಲ್ಲ, ಅಂಗೈ ಪೂರ್ತಿ ಕೂರಲಿ ಅಂತ ಅಗಲಕ್ಕೆ ಬಿಟ್ಟಿದ್ದೇನೆ. ತುದಿಗೆ ರಬ್ಬರ್ ಹಾಕಿದ್ದೇನೆ, ಅದರ ತಳದ ಗೆರೆಗಳು ಅಳಿಸಿಹೋದ ದಿನ ಬದಲಿಸಬೇಕು. ಒಂದು ಹೆಚ್ಚಿನದನ್ನೂ ಕಟ್ಟಿ ಇಟ್ಟಿದ್ದೇನೆ. ಇಂಥ ಕೋಲು ನಾನು ಇನ್ನೊಂದು ಮಾಡಿಲ್ಲ. ಮಾಡುವಾಗ ಶಿಳ್ಳೆ ಹಾಕುತ್ತಿದ್ದೆನಂತೆ, ನರ್ಸಮ್ಮ ಹೇಳಿದರು.

ಬಲಕ್ಕೆ ಅರ್ಧ ಇಂಚು ಕಡಿಮೆ ಎಂದು ಬರೆದಿದ್ದೀಯ. ಅಂಥ ಅಜ್ಜಿಯರೂ ಇರುತ್ತಾರೆ.

ಆ ಅಜ್ಜಿಗೆ ನನ್ನ ಪರವಾಗಿ ಒಂದು ಮಾತು ಹೇಳು. ಮೆಟ್ಟಿಲಿಗೆ ಕೋಲೊಂದೇ ಸಾಲದು. ಕೈಪಿಡಿ ಹಾಕಿಸಿದ ಮೇಲೇ ಹತ್ತಬೇಕು. ಗೋಡೆಯಲ್ಲಿ ನಾಲ್ಕು ತೂತು ಬಿದ್ದರೆ ಮರ್ಯಾದೆ ಹೋಗುವುದಿಲ್ಲ ಎಂದು ಕೋಲು ಮಾಡಿದವನು ಹೇಳಿದ ಅನ್ನು.

ತೋಳಿನ ವಿಷಯ: ಹೊಸ ಕೊರೆಯುವ ಯಂತ್ರಕ್ಕೊಂದು ಬೆಲ್ಟಿದೆ, ಅದು ಉಜ್ಜುತ್ತದೆ. ಬೇರೇನೂ ಇಲ್ಲ.

ನಿನ್ನ ಅಣ್ಣ


ಸೆಪ್ಟೆಂಬರ್ ೧೫, ಸೋಮವಾರ

ಅಣ್ಣ,

ಪಕ್ಕದ ಮನೆಯ ಅಜ್ಜಿ ಬಿದ್ದಳು. ದೊಡ್ಡದೇನಲ್ಲ. ಕೆಳಗಿನ ಮೂರನೇ ಮೆಟ್ಟಿಲು, ಅಂಗೈ ತರಚಿದೆ, ಮಂಡಿ ಊದಿದೆ, ಮೂಳೆ ಸರಿಯಿದೆ ಎಂದರು ಡಾಕ್ಟರು. ಕೋಲು ಅವಳಿಗೆ ಗಿಡ್ಡ. ಊರಬೇಕಾದರೆ ಬಗ್ಗಬೇಕು, ಬಗ್ಗಿದರೆ ಭಾರ ಮುಂದಕ್ಕೆ ಹೋಗುತ್ತದೆ. ನಿನ್ನ ಕೈ ಅಳತೆ ತಪ್ಪಿದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಅವಳ ಸೊಸೆ ಕೆಲಸದಿಂದ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಸೊಸೆ ಬೈಯಲಿಲ್ಲ. ಎಬ್ಬಿಸಿ ಕೂರಿಸಿ, ಮೇಲೆ ಹೋಗಿ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಟಿಕೆಟ್ ಚೀಲದಲ್ಲಿ ಇಟ್ಟುಕೊಂಡಳು. ಇನ್ನೂ ಐದು ಪಟ್ಟಿ ಒಳಗೇ ಇವೆ. ಇಪ್ಪತ್ತು ದಿನ ಉಳಿದಿದೆ. ಮ್ಯಾನೇಜರಿಗೆ ಏನು ಹೇಳಲಿ?

ಅಜ್ಜಿಯೇ ಕೇಳುತ್ತಿದ್ದಾಳೆ.

ಸೂಜಿ


ಸೆಪ್ಟೆಂಬರ್ ೧೮, ಗುರುವಾರ

ಸೂಜಿ,

ಆ ಅಜ್ಜಿಯನ್ನು ಇನ್ನು ಬಿಟ್ಟುಬಿಡು. ಮರದ ಮೇಲೆ ಇಪ್ಪತ್ತೆಂಟೂವರೆಗೆ ಗೆರೆ ಹಾಕಿದಾಗಲೇ ನನಗೆ ತಿಳಿಯಿತು. ಬಲಭುಜ ಅರ್ಧ ಇಂಚು ಇಳಿದ ಒಬ್ಬಳೇ ಒಬ್ಬಳಿಗೆ ನಾನು ಮೇಜು, ಸ್ಟೂಲು ಮಾಡಿಕೊಟ್ಟಿದ್ದೇನೆ. ಆ ಅರ್ಧ ಇಂಚು ನಾನೇ ಕೊಟ್ಟದ್ದು. ನನಗೆ ಹದಿನಾಲ್ಕು, ನಿನಗೆ ಹತ್ತು. ನಾನು ಮಾಡಿದ ಮೊದಲ ಏಣಿ. ಮೂರನೆಯ ಹಲಗೆ ಮುರಿಯಿತು, ನಿನ್ನ ಕೊರಳ ಮೂಳೆಯೂ. ಅಪ್ಪ ಕೇಳಿದಾಗ ನೀನು "ನಾನೇ ಜಾರಿದೆ" ಅಂದೆ. ಏಣಿಯ ಸುದ್ದಿಯೇ ಎತ್ತಲಿಲ್ಲ. ಅವತ್ತಿನಿಂದ ನಾನು ಮಾಡಿದ ಪ್ರತಿಯೊಂದಕ್ಕೂ ಮೊದಲು ನಾನೇ ನಿಂತು, ಕೂತು, ನೇತಾಡಿ ನೋಡಿದ್ದೇನೆ. ಈ ಕೋಲು ನಿನ್ನ ಅಳತೆಯದು, ಇದಕ್ಕೆ ಮಾತ್ರ ಆಗಲಿಲ್ಲ.

ಗೊತ್ತಿದ್ದೂ ಸುಮ್ಮನೆ ಕಳಿಸಿದೆ. ನೀನಾಗಿಯೇ ಹೇಳಲಿ ಅಂತ ಕಾದೆ. ಅದು ನನ್ನ ತಪ್ಪು, ಇನ್ನೊಂದೂ ಇದೆ. ನಿನ್ನ ಕಾಗದ ನೋಡಿ ನರ್ಸಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕಾಲಲ್ಲಿ ಏನಿತ್ತು?" ಪ್ರತಿ ಮನೆಯಲ್ಲೂ ಅವರು ಅದನ್ನೇ ಮೊದಲು ಕೇಳುತ್ತಾರೆ. ನಿತ್ಯದ ಚಪ್ಪಲಿ ಹಾಕಿ ಅಳೆಯಬೇಕು. ನಾನು ಬರೆಯಲಿಲ್ಲ, ಅಳತೆಯವಳಿಗೆ ಹೇಳುವುದೇನು ಎಂದುಕೊಂಡೆ. ನೀನು ಏನು ತೊಟ್ಟು ಅಳೆದೆ?

ನನ್ನದೂ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಕೆಲಸ ಜಾಸ್ತಿ, ಕಾಗದ ಬರೆಯಲಾಗಲಿಲ್ಲ ಅಂದಿದ್ದೆನಲ್ಲ. ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಅಂಗಡಿಯಲ್ಲಿ ಮರದ ಹೊಟ್ಟಿನ ಮೇಲೆ ಜಾರಿದೆ, ಎಡ ಸೊಂಟದ ಹತ್ತಿರ ಬಿರುಕು. ಬಲ ಮುಂಗೈಗೆ ಬಳೆಯಂತೆ ಕೂರುವ ಊರುಗೋಲು ಈಗ ನನ್ನ ಸಂಗಾತಿ. ಹೊಸ ಕಸುಬಿನ ಯೋಚನೆ ಬಂದದ್ದು ಆಸ್ಪತ್ರೆಯ ಮಂಚದ ಮೇಲೆ.

ಇಪ್ಪತ್ತೆರಡನೇ ತಾರೀಕಿನ ರೈಲಿಗೆ ಹತ್ತುತ್ತಿದ್ದೇನೆ. ಜೊತೆಗೆ ಎರಡು ಕೈಪಿಡಿ, ಒಂದು ರಾಟೆ, ಬೇಕಾದ್ದಕ್ಕಿಂತ ಎರಡು ಇಂಚು ಉದ್ದದ ಎರಡು ಕೋಲು. ಈ ಸಲ ನಿನ್ನ ಮನೆಯಲ್ಲೇ ಕತ್ತರಿಸುತ್ತೇನೆ. ಬೇಡ ಅಂತ ಬರೆದರೆ ಆ ಕಾಗದ ಬರುವಷ್ಟರಲ್ಲಿ ನಾನು ಹೊರಟಾಗಿರುತ್ತದೆ.

ನಿನ್ನ ಅಣ್ಣ


ಸೆಪ್ಟೆಂಬರ್ ೧೮, ಗುರುವಾರ

ಅಣ್ಣ,

ಹಿಂದಿನ ಕಾಗದ ಅಂಚೆಗೆ ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ. ಬಿದ್ದವಳು ನಾನು. ಜುಲೈನಲ್ಲೂ ನಾನೇ, ಈಗಲೂ ನಾನೇ. ಪಕ್ಕದ ಮನೆಯ ಅಜ್ಜಿ ಈಗಲೂ ಗುಡಿಸುತ್ತಿದ್ದಾಳೆ, ಪೊರಕೆಯ ಸದ್ದು ಕೇಳುತ್ತಿದೆ.

ಕೋಲು ಯಾಕೆ ಗಿಡ್ಡವಾಯಿತೆಂದು ಮೂರು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ಇವತ್ತು ಬೆಳಗ್ಗೆ ಚಪ್ಪಲಿ ಮೆಟ್ಟುವಾಗ ಹೊಳೆಯಿತು. ನಾವು ಹೊಲಿಯುವವರು ಯಾರನ್ನೂ ಚಪ್ಪಲಿಯಲ್ಲಿ ಅಳೆಯುವುದಿಲ್ಲ. ಬಂದವರನ್ನು ಹೊಸಲಲ್ಲೇ ಬಿಡಿಸಿ, ಬರಿಗಾಲಲ್ಲಿ ನಿಲ್ಲಿಸಿ ಟೇಪು ಬಿಡುವುದು ಐವತ್ತು ವರ್ಷದ ಅಭ್ಯಾಸ. ನನ್ನನ್ನೂ ಹಾಗೇ ನಿಲ್ಲಿಸಿಕೊಂಡೆ. ಜುಲೈನಲ್ಲಿ ಬಿದ್ದ ಮೇಲೆ ಡಾಕ್ಟರು ದಪ್ಪ ಚಪ್ಪಲಿ ಕೊಡಿಸಿದ್ದಾರೆ, ಅಟ್ಟೆ ಒಂದೂಕಾಲು ಇಂಚು. ನಿನ್ನ ಕೈ ತಪ್ಪಿಲ್ಲ. ಬಟ್ಟೆಯಾದರೆ ಮಡಿಕೆ ಬಿಚ್ಚಿ ಉದ್ದ ಮಾಡಬಹುದಿತ್ತು.

ನಿನ್ನ ಶರ್ಟುಗಳು ಮುಗಿದಿವೆ. ಬಲತೋಳಿನ ಒಳಗೆ, ಆ ಬಳೆ ಸವೆಸುವ ಜಾಗಕ್ಕೆ, ಮೆತ್ತನೆಯ ಬಟ್ಟೆಯ ಒಳಪಟ್ಟಿ ಕೊಟ್ಟಿದ್ದೇನೆ. ಯಾವ ಯಂತ್ರದ ಬೆಲ್ಟೂ ಹಾಗೆ ಸುತ್ತಲೂ ಸವೆಸುವುದಿಲ್ಲ, ಅಣ್ಣ. ನಮ್ಮ ಮಂಡಿ ಡಾಕ್ಟರ ಬಾಗಿಲಲ್ಲಿ ಅಂಥ ಊರುಗೋಲು ಹಿಡಿದವರ ತೋಳುಗಳನ್ನು ನೋಡುತ್ತ ಗಂಟೆಗಟ್ಟಲೆ ಕೂತಿದ್ದೇನೆ. ಎಲ್ಲಿ ಬಿದ್ದೆ, ಯಾವಾಗ ಬಿದ್ದೆ ಅಂತ ಕೇಳುವುದಿಲ್ಲ. ನೋವು ಈಗ ಹೇಗಿದೆ ಅಂತ ಮಾತ್ರ ಬರಿ.

ನಿನ್ನ ಸೂಜಿ


ಸೆಪ್ಟೆಂಬರ್ ೨೫, ಗುರುವಾರ, ಕೆಳಗಿನ ಕೋಣೆಯಿಂದ

ಸೂಜಿ,

ಇದು ರಾಟೆಗೆ ಕಟ್ಟಿದ ಬುಟ್ಟಿಯ ಮೊದಲ ಪ್ರಯಾಣ. ಈ ಚೀಟಿ ನಿನ್ನ ಕೈ ಸೇರಿದರೆ ರಾಟೆ ಸರಿಯಾಗಿ ತಿರುಗುತ್ತಿದೆ ಅಂತ ಅರ್ಥ. ಇನ್ನು ಬಟ್ಟೆ, ಕತ್ತರಿ, ಚಹಾದ ಫ್ಲಾಸ್ಕು ಎಲ್ಲ ಬುಟ್ಟಿಯಲ್ಲಿ ಹತ್ತಲಿ, ನೀನು ಎರಡೂ ಕೈಯಲ್ಲಿ ಕೈಪಿಡಿ ಹಿಡಿದು ಹತ್ತು. ಕೋಲು ಮೇಲಕ್ಕೊಂದು, ಕೆಳಕ್ಕೊಂದು. ಆ ಗಿಡ್ಡ ಕೋಲನ್ನು ನಾನು ಒಯ್ಯುತ್ತೇನೆ, ಅಂಗಡಿಯ ಗೋಡೆಗೆ ತೂಗುಹಾಕುತ್ತೇನೆ.

ಎಷ್ಟು ಪಟ್ಟಿ ಉಳಿದವು? ಬರೆದು ಇಳಿಬಿಡು. ಕೂಗಿದರೆ ನನಗೆ ಕೇಳಿಸುವುದಿಲ್ಲ.

ಅದೇ ದಿನ, ಮೇಲಿನಿಂದ

ಮೂರು. ಬುಟ್ಟಿಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಕಳಿಸು.


ಅಕ್ಟೋಬರ್ ೯, ಗುರುವಾರ

ಪ್ರೀತಿಯ ಅಣ್ಣನಿಗೆ,

ನೀನು ಸೋಮವಾರ ಹೊರಟಾಗ ಮನೆ ಒಮ್ಮೆಲೇ ದೊಡ್ಡದಾಯಿತು. ಮೂರು ದಿನದಲ್ಲಿ ಎಷ್ಟು ನಡೆಯಿತೆಂದರೆ ಎಲ್ಲಿಂದ ಹಿಡಿಯಲಿ ತಿಳಿಯುತ್ತಿಲ್ಲ.

ಮೊದಲು, ನೀನು ನೋಡದ ಒಂದು ಸಂಗತಿ. ಕೈಪಿಡಿ ಕೂರಿಸಿದ ದಿನ ನೀನು ಸ್ಕ್ರೂ ತರಲು ಅಂಗಡಿಗೆ ಹೋಗಿದ್ದೆಯಲ್ಲ, ಆಗ ಸೊಸೆ ಬಂದಳು. ಕೈಪಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲೆರಡೂ ಮೇಲೆತ್ತಿ ಜೋತುಬಿದ್ದಳು. ಆ ಬದಿ ಒಮ್ಮೆ, ಈ ಬದಿ ಒಮ್ಮೆ. "ಅತ್ತೆ, ಬಸ್ಸಲ್ಲಿ ಎಂಬತ್ತು ಜನ ನೇತಾಡೋ ಕಂಬಿ ದಿನಾ ನೋಡೋಳು ನಾನು. ಇದು ನಿಲ್ಲುತ್ತೆ" ಅಂದಳು. ಟಿಕೆಟ್ ಚೀಲದಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಒಂದು ಮಾತು ಸೇರಿಸಿದಳು: "ಅವತ್ತು ನೀವು ಬಿದ್ದಿದ್ದಕ್ಕಲ್ಲ ನಾನು ಬೀಗ ಹಾಕಿದ್ದು. ನನಗೆ ಹೇಳಲಿಲ್ವಲ್ಲ, ಅದಕ್ಕೆ." ಮೆಟ್ಟಿಲ ಅಂಚಿಗೆಲ್ಲ ಬಸ್ಸಿನಲ್ಲಿರುವಂಥ ಹಳದಿ ಪಟ್ಟಿ ಅಂಟಿಸಿದ್ದು ಯಾರು ಅಂತ ನೀನು ಕೇಳಿದೆಯಲ್ಲ, ಅವಳೇ. ಈಗ ಬಚ್ಚಲಲ್ಲಿ ಒಂದು ಕರೆಗಂಟೆಯ ಗುಂಡಿಯನ್ನೂ ಹಾಕಿಸಿದ್ದಾಳೆ. ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತದೆ, "ಮುಂದಿನ ನಿಲ್ದಾಣ" ಎಂದು ಕೂಗುತ್ತ ಬರುತ್ತಾಳೆ.

ಭಾನುವಾರದ್ದು ನೀನೇ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಪರದೆಯ ಪಕ್ಕದಲ್ಲಿ ಆದದ್ದು ನಿನಗೆ ಕಂಡಿರಲಿಲ್ಲ. ಮ್ಯಾನೇಜರ್ ನನ್ನ ಕೋಲು ನೋಡಿ, ಕುರ್ಚಿಯಲ್ಲಿ ಕೂರಿಸಿ ಇಬ್ಬರ ಕೈಲಿ ಎತ್ತಿಸಿ ತರೋಣವೇ ಅಂದರು. ನಾನು ಅವರಿಗೆ ನನ್ನ ಚಪ್ಪಲಿ ತೋರಿಸಿದೆ. "ಇದನ್ನ ಹಾಕ್ಕೊಂಡೇ ಅಳತೆ ಕೊಟ್ಟಿದ್ದೀನಿ, ನಡೀತೀನಿ" ಅಂದೆ. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ, ದಾರಿ ಮಾತ್ರ ಬಿಟ್ಟರು. ಏಳನೇ ಹೆಜ್ಜೆಯಲ್ಲಿ ಜನ ಚಪ್ಪಾಳೆ ಶುರುಮಾಡಿದರು, ನನಗೆ ಎಣಿಕೆ ತಪ್ಪಿತು. ಹದಿಮೂರೋ ಹದಿನಾಲ್ಕೋ ಇವತ್ತಿಗೂ ಗೊತ್ತಿಲ್ಲ. ನಡುವಿಗೆ ಬಂದು ನಿಂತಾಗ ಕೋಲಿನ ಮೇಲೆ ಭಾರ ಹಾಕಿದೆ, ಬೆನ್ನು ನೆಟ್ಟಗೇ ಇತ್ತು. ಎಡಗೈ ಎತ್ತಿದೆ. ಹದಿನಾರು ಪಟ್ಟಿಯೂ ಒಂದೇ ಮುಖ ಮಾಡಿಕೊಂಡು ಸರಿದವು. ನೀನು ಎದ್ದು ನಿಂತು ನಿನ್ನ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಿದ್ದೆ. ಅದರ ರಬ್ಬರ್ ಸವೆದಿದೆ, ಸದ್ದಿನಲ್ಲೇ ತಿಳಿಯಿತು. ಬದಲಿಸು.

ಮಂಗಳವಾರ ಸಂಜೆ ಪರದೆಯ ಕೊಂಡಿಗಳನ್ನು ಸರಿಮಾಡಲು ಹೋಗಿದ್ದೆ. ವಾಪಸು ಬರುವಾಗ ಮಂದಿರದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಕೋಲನ್ನು ಎಲ್ಲಿಂದ ಕೊಂಡೆ ಅಂತ ಕೇಳಿದರು. ಕೊಂಡದ್ದಲ್ಲ, ಅದಕ್ಕೊಂದು ಕಥೆ ಇದೆ ಅಂದೆ. ಕೂರಿಸಿಕೊಂಡರು. ಹೆಡ್‌ಮಾಸ್ಟರ ವಾಕರಿನಿಂದ ಹಿಡಿದು ಏಣಿ, ಶರ್ಟು, ಬರಿಗಾಲು, ಬುಟ್ಟಿ, ಒಂದೂ ಬಿಡದೆ ಹೇಳಿದೆ. ಪಕ್ಕದ ಮನೆಯ ಅಜ್ಜಿಯ ಹೆಸರಿನಲ್ಲಿ ನಾನು ಎರಡು ತಿಂಗಳು ಬಿದ್ದದ್ದನ್ನೂ ಹೇಳಿ ಎಲ್ಲರ ಜೊತೆ ನಕ್ಕೆ. ನಕ್ಕು ಮುಗಿಸಿ ತಲೆ ಎತ್ತಿದರೆ ಕೊನೆಯ ಸಾಲಿನಲ್ಲಿ ಅಜ್ಜಿಯೇ ಕೂತಿದ್ದಾಳೆ. ಅವಳು ನಗುತ್ತಿರಲಿಲ್ಲ. ಎದ್ದು ಹೋದಳು.

ನಿನ್ನೆ ಬೆಳಗ್ಗೆ ಆರಕ್ಕೆ ಪೊರಕೆಯ ಸದ್ದು ಕೇಳಲಿಲ್ಲ. ಸಿಟ್ಟಾದಳು ಎಂದುಕೊಂಡು, ಕ್ಷಮೆ ಕೇಳಲು ಬಾಗಿಲು ತೆಗೆದೆ.

ಹೊರಗೆ ಏಳು ಜನ ನಿಂತಿದ್ದರು, ಸಾಲಾಗಿ. ಎಲ್ಲರೂ ಹಿಂದಿನ ಸಂಜೆಯ ಕಟ್ಟೆಯವರೇ. ಒಬ್ಬರ ಕೈಯಲ್ಲೂ ಚೀಲವಿಲ್ಲ, ಕೊಡೆಯಿಲ್ಲ. ನೆಟ್ಟಗೆ ನಿಂತು, ಎರಡೂ ಕೈ ಸಡಿಲವಾಗಿ ಇಳಿಬಿಟ್ಟಿದ್ದರು. ಹೊಸಲ ಬಳಿ ಬಂದರೂ ಯಾರೂ ಚಪ್ಪಲಿ ಬಿಡಲಿಲ್ಲ. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಅಜ್ಜಿ, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು.

"ಎರಡು ತಿಂಗಳಿಂದ ನಾನು ಬೀಳ್ತಿದ್ದೀನಂತೆ" ಅಂದಳು. "ನಿನಗೆ ಯಾರು ಹೇಳಿದ್ರು?"

ಆಮೇಲೆ ಗೋಡೆಯ ಮೇಲಿದ್ದ ಕೈಯನ್ನೂ ಮೆಲ್ಲಗೆ ಇಳಿಬಿಟ್ಟು, "ಚಪ್ಪಲಿ ಹಾಕ್ಕೊಂಡೇ ಬಂದಿದ್ದೀನಿ, ಅಳತೆ ತಗೋ" ಅಂದಳು.

ಏಳು ಜನರ ಅಳತೆ ಇದರ ಜೊತೆಗಿದೆ.

ನಿನ್ನ ಸೂಜಿ